ವೋಲ್ಫ್‌ಗಾಂಗ್ ಪೌಲ್: ಅಯಾನಿಗೆ ಪಂಜರ ಕಟ್ಟಿದ ವಿಜ್ಞಾನಿ, ಆ ಪಂಜರದಲ್ಲಿ ರೂಪುಗೊಳ್ಳುತ್ತಿರುವ ನ್ಯೂಕ್ಲಿಯರ್ ಗಡಿಯಾರ

ನ್ಯೂಕ್ಲಿಯರ್ ಗಡಿಯಾರ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬಾಂಬು. ಕೆಲವರಿಗೆ ಪ್ರಳಯಕ್ಕೆ ಇಷ್ಟು ನಿಮಿಷ ಬಾಕಿ ಎಂದು ಸುದ್ದಿಯಾಗುವ ಡೂಮ್ಸ್‌ಡೇ ಕ್ಲಾಕ್ ನೆನಪಾಗುತ್ತದೆ. ಇವೆರಡಕ್ಕೂ ಈ ಗಡಿಯಾರಕ್ಕೂ ಸಂಬಂಧವಿಲ್ಲ. ಡೂಮ್ಸ್‌ಡೇ ಕ್ಲಾಕ್ ಎನ್ನುವುದು 1947ರಿಂದ ಅಮೆರಿಕದ ಒಂದು ಪತ್ರಿಕೆ ಎಚ್ಚರಿಕೆಗಾಗಿ ಪ್ರಕಟಿಸುತ್ತಾ ಬಂದಿರುವ ಚಿತ್ರಸಂಕೇತ, ಅದು ಹೊತ್ತು ಅಳೆಯುವುದಿಲ್ಲ. ನ್ಯೂಕ್ಲಿಯರ್ ಗಡಿಯಾರ ನಿಜವಾಗಿ ಹೊತ್ತು ಅಳೆಯುವ ಯಂತ್ರ. ಅದರಲ್ಲಿ ಏನೂ ಸಿಡಿಯುವುದಿಲ್ಲ. ಪರಮಾಣುವಿನ ನಡುವಿರುವ ನ್ಯೂಕ್ಲಿಯಸ್‌ಗೆ ಲೇಸರ್ ಬೆಳಕು ತಾಗಿಸಿ, ಅದರ ಮಿಡಿತವನ್ನು ಎಣಿಸುವುದಷ್ಟೇ ಅದರ ಕೆಲಸ.

ಈ ಯಂತ್ರದ ಒಂದು ಮುಖ್ಯ ಭಾಗ ಅಯಾನುಗಳನ್ನು ಗಾಳಿಯಿಲ್ಲದ ಜಾಗದಲ್ಲಿ, ಯಾವ ಗೋಡೆಗೂ ತಾಗದಂತೆ ಹಿಡಿದಿಡುವ ಒಂದು ಪಂಜರ. ಅದಕ್ಕೆ ಪೌಲ್ ಟ್ರ್ಯಾಪ್ ಎಂದು ಹೆಸರು. ಅದನ್ನು ಕಂಡುಹಿಡಿದ ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲ್ ತೀರಿಕೊಂಡು ಮೂರು ದಶಕಗಳು ಕಳೆದಿವೆ. ಅವರ ಬದುಕಿನ ಕಥೆ ತಿಳಿದರೆ ಈ ಗಡಿಯಾರ ಏನೆಂಬುದು ಅರ್ಥವಾಗುತ್ತದೆ. ಅದಕ್ಕೂ ಬಾಂಬಿಗೂ ಇರುವ ದೂರ ಎಷ್ಟು ಎಂಬುದೂ ತಿಳಿಯುತ್ತದೆ.

ಪೌಲ್ ಬೇರೆ, ಪೌಲಿ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ಇಂಟರ್‌ನೆಟ್ಟಿನಲ್ಲಿ ವೋಲ್ಫ್‌ಗಾಂಗ್ ಪೌಲ್ ಎಂದು ಹುಡುಕಿದರೆ ವೋಲ್ಫ್‌ಗಾಂಗ್ ಪೌಲಿ ಎಂಬ ಇನ್ನೊಬ್ಬರೂ ಎದುರಾಗಬಹುದು. ಪೌಲಿ ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಅವರು ಕಾಗದ, ಪೆನ್ಸಿಲ್ ಹಿಡಿದು ಸಿದ್ಧಾಂತ ಕಟ್ಟಿದವರು. 1945ರಲ್ಲಿ ನೊಬೆಲ್ ಪಡೆದ ಅವರು 1958ರಲ್ಲಿ ತೀರಿಕೊಂಡರು. ನಮ್ಮ ಕಥೆಯ ಪೌಲ್ ಪ್ರಯೋಗಶಾಲೆಯ ಮನುಷ್ಯ. ಅವರಿಗೆ ನೊಬೆಲ್ ಬಂದದ್ದು 1989ರಲ್ಲಿ.

ಈ ಹೆಸರಿನ ಹೋಲಿಕೆಯ ಬಗ್ಗೆ ಭೌತವಿಜ್ಞಾನಿಗಳ ನಡುವೆ ಒಂದು ತಮಾಷೆ ಚಾಲ್ತಿಯಲ್ಲಿತ್ತು. ಗಣಿತದಲ್ಲಿ ಕಾಲ್ಪನಿಕ ಸಂಖ್ಯೆಯನ್ನು ಐ ಎಂಬ ಅಕ್ಷರದಿಂದ ಗುರುತಿಸುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಪೌಲ್ ಎಂದು ಬರೆದು ಕೊನೆಗೆ ಐ ಸೇರಿಸಿದರೆ ಪೌಲಿ ಆಗುತ್ತದೆ. ಹಾಗಾಗಿ ಪೌಲಿ ತನ್ನ ಕಾಲ್ಪನಿಕ ಭಾಗ ಎಂದು ಪೌಲ್ ನಗೆಯಾಡುತ್ತಿದ್ದರಂತೆ.

ವರ್ಕ್‌ಶಾಪಿನಿಂದ ಶುರುವಾದ ಓದು

ಪೌಲ್ ಹುಟ್ಟಿದ್ದು 1913ರ ಆಗಸ್ಟ್ 10ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಲೊರೆನ್ಸ್‌ಕಿರ್ಖ್ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಮ್ಯೂನಿಕ್ ನಗರದಲ್ಲಿ. ತಂದೆ ಥಿಯೊಡೋರ್ ಪೌಲ್ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನವಿಜ್ಞಾನದ ಪ್ರಾಧ್ಯಾಪಕರು. ಮನೆಯಲ್ಲಿ ವಿಜ್ಞಾನದ ಮಾತು ಹೊಸದಾಗಿರಲಿಲ್ಲ. ಆದರೆ ಶಾಲೆಯಲ್ಲಿ ಹುಡುಗ ಒಂಬತ್ತು ವರ್ಷ ಲ್ಯಾಟಿನ್, ಆರು ವರ್ಷ ಪ್ರಾಚೀನ ಗ್ರೀಕ್ ಓದಿದ. ಅವನಿಗೆ ಇನ್ನೂ ಹದಿನೈದರ ಆಸುಪಾಸು ವಯಸ್ಸಾಗಿದ್ದಾಗ ತಂದೆ ತೀರಿಕೊಂಡರು.

ಶಾಲೆ ಮುಗಿದ ಮೇಲೆ ಭೌತವಿಜ್ಞಾನ ಓದಬೇಕು ಎಂದು ನಿರ್ಧರಿಸಿದಾಗ ಅವನಿಗೆ ದಾರಿ ಹೇಳಿದವರು ತಂದೆಯ ಸಹೋದ್ಯೋಗಿಯಾಗಿದ್ದ ಆರ್ನಾಲ್ಡ್ ಸೊಮ್ಮರ್‌ಫೆಲ್ಡ್. ಆ ಕಾಲದ ಬಹುದೊಡ್ಡ ಸಿದ್ಧಾಂತಿ ಅವರು. ಅಂಥವರು ಕೊಟ್ಟ ಸಲಹೆ ಮಾತ್ರ ನಾವು ಊಹಿಸುವಂಥದ್ದಲ್ಲ: ಮೊದಲು ಸೂಕ್ಷ್ಮ ಯಂತ್ರಗಳ ವರ್ಕ್‌ಶಾಪಿನಲ್ಲಿ ಕೆಲಸ ಕಲಿ, ಕಾಲೇಜು ಆಮೇಲೆ. ಪೌಲ್ ಹಾಗೆಯೇ ಮಾಡಿದರು. ಲೋಹ ಕತ್ತರಿಸುವುದು, ಕೂದಲೆಳೆಯಷ್ಟು ಅಳತೆ ತಪ್ಪದಂತೆ ಬಿಡಿಭಾಗ ಜೋಡಿಸುವುದು ಕೈಗೆ ಹತ್ತಿದ ಮೇಲೆ, 1932ರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿದರು. ಎರಡು ವರ್ಷಗಳ ನಂತರ ಬರ್ಲಿನ್‌ಗೆ ಹೋದರು. ಅಲ್ಲಿ ಅವರ ಪರೀಕ್ಷಕರಾಗಿದ್ದವರು ಹಾನ್ಸ್ ಗೈಗರ್. ವಿಕಿರಣ ಅಳೆಯುವ ಗೈಗರ್ ಕೌಂಟರ್‌ನ ಗೈಗರ್ ಇವರೇ.

ಬರ್ಲಿನ್‌ನಲ್ಲಿ ಪೌಲ್‌ಗೆ ಸಿಕ್ಕ ಗುರು ಹಾನ್ಸ್ ಕೊಫರ್‌ಮನ್. 1937ರಲ್ಲಿ ಕೊಫರ್‌ಮನ್ ಕೀಲ್ ನಗರಕ್ಕೆ ಹೋದಾಗ ಶಿಷ್ಯನೂ ಹಿಂಬಾಲಿಸಿದ. ಅಲ್ಲಿ ಪಿಎಚ್‌ಡಿಗೆ ಆಯ್ದುಕೊಂಡ ವಿಷಯವನ್ನು ಸ್ವಲ್ಪ ಗಮನವಿಟ್ಟು ಓದಿ, ಏಕೆಂದರೆ ಅದು ಎಂಬತ್ತು ವರ್ಷಗಳ ನಂತರ ಮತ್ತೆ ಬರುತ್ತದೆ.

ಬೆಳಕಿನಿಂದ ನ್ಯೂಕ್ಲಿಯಸ್ಸಿನ ಸುದ್ದಿ

ಪ್ರತಿಯೊಂದು ಮೂಲವಸ್ತುವಿನ ಪರಮಾಣುವೂ ತನ್ನದೇ ಆದ ಕೆಲವು ಬಣ್ಣಗಳ ಬೆಳಕನ್ನಷ್ಟೇ ಹೀರುತ್ತದೆ, ಹೊರಸೂಸುತ್ತದೆ. ರಸ್ತೆ ಬದಿಯ ಹಳೆಯ ಸೋಡಿಯಂ ದೀಪ ಹಳದಿಯಾಗಿಯೇ ಉರಿಯಲು ಕಾರಣ ಇದೇ. ಹೀಗೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಪರಮಾಣುವಿನ ಒಳಗುಟ್ಟು ತಿಳಿಯುವ ವಿದ್ಯೆಗೆ ಸ್ಪೆಕ್ಟ್ರೋಸ್ಕೋಪಿ ಎನ್ನುತ್ತಾರೆ. ಒಂದೊಂದು ಬಣ್ಣದ ಗೆರೆಯನ್ನು ಇನ್ನೂ ಹತ್ತಿರದಿಂದ ನೋಡಿದರೆ ಅದು ಹಲವು ಸಣ್ಣ ಗೆರೆಗಳಾಗಿ ಒಡೆದಿರುತ್ತದೆ. ಆ ಒಡಕಿಗೆ ನಡುವಿನ ನ್ಯೂಕ್ಲಿಯಸ್ ಕಾರಣ. ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸಿ ಸುತ್ತಲಿನ ಎಲೆಕ್ಟ್ರಾನುಗಳನ್ನು ತುಸು ಅಲುಗಿಸುತ್ತದೆ. ಗೆರೆಗಳ ನಡುವಿನ ಅಂತರ ಅಳೆದರೆ, ನ್ಯೂಕ್ಲಿಯಸ್ ಅನ್ನು ಮುಟ್ಟದೆಯೇ ಅದರ ಕಾಂತಶಕ್ತಿ ಎಷ್ಟೆಂದು ಹೇಳಬಹುದು.

ಪೌಲ್ ಮಾಡಹೊರಟದ್ದು ಇದನ್ನೇ, ಬೆರಿಲಿಯಂ ಎಂಬ ಹಗುರ ಲೋಹದ ಮೇಲೆ. ಆದರೆ ಒಂದು ತೊಡಕಿತ್ತು. ಬಿಸಿ ಅನಿಲದಲ್ಲಿ ಪರಮಾಣುಗಳು ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತವೆ. ಬಸ್ಸು ಹತ್ತಿರ ಬರುವಾಗ ಹಾರನ್ ಕೀರಲಾಗಿ, ದೂರ ಹೋಗುವಾಗ ದಪ್ಪಗೆ ಕೇಳುವುದಿಲ್ಲವೇ? ಅದೇ ರೀತಿ ಓಡುವ ಪರಮಾಣುವಿನ ಬಣ್ಣವೂ ತುಸು ಬದಲಾಗುತ್ತದೆ. ಎಲ್ಲವೂ ಸೇರಿ ಗೆರೆ ಮಸುಕಾಗುತ್ತದೆ. ಇದನ್ನು ತಪ್ಪಿಸಲು ಪೌಲ್ ಪರಮಾಣುಗಳನ್ನು ಒಂದೇ ದಿಕ್ಕಿಗೆ ತೆಳುವಾದ ಹೊಳೆಯಂತೆ ಹರಿಸಿ ಅಡ್ಡದಿಂದ ನೋಡುವ ದೀಪವೊಂದನ್ನು ರೂಪಿಸಿದರು. ಪರಮಾಣುವಿನ ಓಟವನ್ನು ಹತೋಟಿಗೆ ತರುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಮುಂದೆಯೂ ಬಿಡಲಿಲ್ಲ.

ಯುದ್ಧದ ವರ್ಷಗಳು

ಪಿಎಚ್‌ಡಿ ಮುಗಿಯುವ ಹೊತ್ತಿಗೆ ಸರಿಯಾಗಿ, 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗುವ ಕೆಲವೇ ದಿನಗಳ ಮುಂಚೆ, ಅವರನ್ನು ವಾಯುಪಡೆಗೆ ಕರೆಸಿಕೊಂಡರು. ಕೆಲವು ತಿಂಗಳ ನಂತರ ರಜೆ ಸಿಕ್ಕಿ ಪ್ರಬಂಧ ಮುಗಿಸಿದರು. 1940ರಲ್ಲಿ ಸೇನೆಯ ಕೆಲಸದಿಂದ ವಿನಾಯಿತಿ ದೊರೆತು ಮತ್ತೆ ಕೊಫರ್‌ಮನ್ ತಂಡಕ್ಕೆ ಬಂದರು. 1942ರಲ್ಲಿ ಆ ತಂಡ ಗಟಿಂಗನ್ ನಗರಕ್ಕೆ ಹೋಯಿತು.

ಆ ವರ್ಷಗಳಲ್ಲಿ ಪೌಲ್ ಮತ್ತು ವಿಲ್‌ಹೆಲ್ಮ್ ವಾಲ್ಷರ್ ಮಾಡುತ್ತಿದ್ದದ್ದು ಐಸೊಟೋಪುಗಳನ್ನು ಬೇರ್ಪಡಿಸುವ ಕೆಲಸ. ಒಂದೇ ಮೂಲವಸ್ತುವಿನ, ಆದರೆ ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವ ಪರಮಾಣುಗಳಿಗೆ ಐಸೊಟೋಪು ಎನ್ನುತ್ತಾರೆ. ಕೇಳಲು ಇದು ಪಾಪದ ಕೆಲಸ. ಆದರೆ ಯುರೇನಿಯಂ ಐಸೊಟೋಪುಗಳನ್ನು ಬೇರ್ಪಡಿಸುವುದೇ ಅಣುಬಾಂಬಿನ ದಾರಿಯ ದೊಡ್ಡ ಹೆಜ್ಜೆಯಾಗಿತ್ತು. ಜರ್ಮನಿಯ ಯುರೇನಿಯಂ ಯೋಜನೆಯೊಂದಿಗೆ ಕೊಫರ್‌ಮನ್ ತಂಡಕ್ಕೂ ನಂಟಿತ್ತು. ಜರ್ಮನಿ ಬಾಂಬು ಮಾಡಲಿಲ್ಲ, ಅದರ ಹತ್ತಿರಕ್ಕೂ ಹೋಗಲಿಲ್ಲ. ಅಮೆರಿಕ ಮಾಡಿತು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿಗಳ ಸುದ್ದಿ ಬಂದಾಗ, ತಾವು ಕಲಿತ ವಿದ್ಯೆ ಯಾವ ಕೊನೆಗೆ ಹೋಗಬಹುದು ಎಂಬುದು ಆ ಪೀಳಿಗೆಯ ಎಲ್ಲ ಭೌತವಿಜ್ಞಾನಿಗಳ ಕಣ್ಣೆದುರು ನಿಂತಿತು.

ಸೋತ ಜರ್ಮನಿಯಲ್ಲಿ ವಿಜ್ಞಾನದ ಮೇಲೆ ವಿಜೇತ ಸೇನೆಗಳು ಹಲವು ನಿರ್ಬಂಧ ಹೇರಿದ್ದವು. ಪೌಲ್ ಆಗ ವೈದ್ಯಕೀಯ ವಿಭಾಗದ ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಎಲೆಕ್ಟ್ರಾನ್ ಕಿರಣಗಳಿಂದ ಕ್ಯಾನ್ಸರ್ ಚಿಕಿತ್ಸೆ ಸಾಧ್ಯವೇ ಎಂಬ ಸಂಶೋಧನೆಯಲ್ಲಿ ತೊಡಗಿದರು.

ಬಾನ್‌ನಲ್ಲಿ ಜರಡಿ, ಆಮೇಲೆ ಪಂಜರ

1952ರಲ್ಲಿ ಪೌಲ್ ಬಾನ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಮರುವರ್ಷವೇ ಹೆಲ್ಮುಟ್ ಸ್ಟೈನ್‌ವೇಡಲ್ ಜೊತೆ ಸೇರಿ ಒಂದು ಹೊಸ ಉಪಕರಣದ ವಿವರ ಪ್ರಕಟಿಸಿದರು. ನಾಲ್ಕು ಲೋಹದ ಸರಳುಗಳನ್ನು ಚೌಕದ ನಾಲ್ಕು ಮೂಲೆಗಳಲ್ಲಿ ಉದ್ದಕ್ಕೆ ಜೋಡಿಸಿ, ಎದುರುಬದುರಾಗಿರುವ ಜೋಡಿಗೆ ಒಂದೇ ವಿದ್ಯುತ್ತನ್ನು ಕೊಟ್ಟು, ಅದನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅದಲುಬದಲು ಮಾಡುವುದು. ನಡುವಿನ ಓಣಿಯಲ್ಲಿ ಅಯಾನುಗಳನ್ನು ಬಿಟ್ಟರೆ, ಒಂದು ನಿಗದಿತ ತೂಕದವು ಮಾತ್ರ ಓಲಾಡುತ್ತಾ ಆಚೆ ತುದಿ ತಲುಪುತ್ತವೆ. ಉಳಿದವು ಸರಳಿಗೆ ಬಡಿದು ಹೋಗುತ್ತವೆ. ಅಯಾನು ಎಂದರೆ ಒಂದೆರಡು ಎಲೆಕ್ಟ್ರಾನು ಕಳೆದುಕೊಂಡೋ ಪಡೆದೋ ವಿದ್ಯುದಾವೇಶ ಹೊಂದಿದ ಪರಮಾಣು ಅಥವಾ ಅಣು. ಒಟ್ಟಿನಲ್ಲಿ ಇದು ಅಯಾನುಗಳಿಗೆ ಹಿಡಿದ ಜರಡಿ. ಕ್ವಾಡ್ರುಪೋಲ್ ಮಾಸ್ ಫಿಲ್ಟರ್ ಎಂದು ಅದರ ಹೆಸರು.

ಜರಡಿಯಿಂದ ಪಂಜರಕ್ಕೆ ಒಂದೇ ಹೆಜ್ಜೆ. ಓಣಿಯ ಎರಡೂ ತುದಿಗಳನ್ನು ಮುಚ್ಚಿದರೆ ಒಳಗಿನ ಅಯಾನು ಹೊರಗೆ ಹೋಗಲಾರದು. ಪೌಲ್ ಅವರ ಮೊದಲ ಪಂಜರದಲ್ಲಿ ನಡುವೆ ಬಳೆಯಂಥ ಒಂದು ಲೋಹದ ಉಂಗುರ, ಮೇಲೊಂದು ಕೆಳಗೊಂದು ಬೋಗುಣಿ ಕವುಚಿದಂಥ ಮುಚ್ಚಳ ಇದ್ದವು.

ಇದರಲ್ಲೇನು ವಿಶೇಷ ಎನ್ನಿಸಬಹುದು. ಸ್ಥಿರವಾದ ವಿದ್ಯುತ್ತನ್ನಷ್ಟೇ ಬಳಸಿ ಅಯಾನನ್ನು ಒಂದೆಡೆ ನಿಲ್ಲಿಸಲು ಸಾಧ್ಯವೇ ಇಲ್ಲ ಎಂಬುದು 19ನೇ ಶತಮಾನದಿಂದಲೇ ಗೊತ್ತಿದ್ದ ಗಣಿತ. ಒಂದು ದಿಕ್ಕಿನಲ್ಲಿ ಒಳಕ್ಕೆ ತಳ್ಳಿದರೆ ಇನ್ನೊಂದು ದಿಕ್ಕಿನಲ್ಲಿ ಅದು ಜಾರಿಹೋಗುತ್ತದೆ. ಕುದುರೆಯ ಜೀನಿನ ಆಕಾರ ನೆನಪಿಸಿಕೊಳ್ಳಿ. ಹಿಂದೆ ಮುಂದೆ ಎತ್ತರ, ಅಕ್ಕಪಕ್ಕ ಇಳಿಜಾರು. ನಡುವೆ ಗೋಲಿ ಇಟ್ಟರೆ ಪಕ್ಕಕ್ಕೆ ಉರುಳಿ ಬೀಳುತ್ತದೆ. ಈಗ ಆ ಜೀನನ್ನೇ ಬುಗುರಿಯಂತೆ ಸರಿಯಾದ ವೇಗದಲ್ಲಿ ತಿರುಗಿಸಿ. ಗೋಲಿ ಬೀಳಲು ಹೊರಟಾಗ ಅಲ್ಲಿಗೆ ಎತ್ತರದ ಭಾಗ ಬಂದು ತಡೆಯುತ್ತದೆ. ಮತ್ತೊಂದು ಕಡೆ ಬೀಳಹೊರಟರೆ ಅಲ್ಲಿಯೂ ಅದೇ. ಗೋಲಿ ನಡುವೆಯೇ ಅಲ್ಲಾಡುತ್ತಾ ಉಳಿಯುತ್ತದೆ. ವಿದ್ಯುತ್ತಿನ ದಿಕ್ಕನ್ನು ಬೇಗಬೇಗ ಬದಲಿಸಿ ಪೌಲ್ ಸಾಧಿಸಿದ್ದು ಇದನ್ನೇ. ಮುಂದೆ ನೊಬೆಲ್ ಉಪನ್ಯಾಸದಲ್ಲಿ ಅವರು ಇಂಥದೇ ತಿರುಗುವ ಜೀನು ಮತ್ತು ಉಕ್ಕಿನ ಗುಂಡಿನ ಮಾದರಿಯಿಂದ ಅದನ್ನು ವಿವರಿಸಿದರು.

ಆ ಜರಡಿ ಇಂದು ಎಲ್ಲೆಲ್ಲಿದೆ?

ಪೌಲ್ ಹೆಸರು ಕೇಳದಿದ್ದರೂ ಅವರ ಜರಡಿಯ ಪ್ರಯೋಜನ ನಿಮಗೆ ಸಿಕ್ಕಿರುವ ಸಾಧ್ಯತೆ ಬಹಳ. ತರಕಾರಿಯಲ್ಲಿ ಕೀಟನಾಶಕ ಉಳಿದಿದೆಯೇ, ಕ್ರೀಡಾಪಟು ಉದ್ದೀಪನ ಮದ್ದು ತೆಗೆದುಕೊಂಡಿದ್ದಾರೆಯೇ ಎಂದು ಪತ್ತೆಹಚ್ಚುವ ಪ್ರಯೋಗಶಾಲೆಗಳಲ್ಲಿ ಕ್ವಾಡ್ರುಪೋಲ್ ಯಂತ್ರಗಳು ದಿನವೂ ಓಡುತ್ತವೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಹಲವು ಜನ್ಮಜಾತ ಚಯಾಪಚಯ ತೊಂದರೆಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆಯೂ ಸಾಮಾನ್ಯವಾಗಿ ಇದೇ ಜರಡಿಯನ್ನು ಬಳಸುತ್ತದೆ. ಬೇಗ ಗೊತ್ತಾದರೆ ಅವುಗಳಲ್ಲಿ ಕೆಲವಕ್ಕೆ ಆಹಾರದ ಬದಲಾವಣೆಯಿಂದಲೇ ಮಗುವನ್ನು ಕಾಪಾಡಬಹುದು.

ಇಸ್ರೊ ಕೂಡ ಇದನ್ನು ದೂರದವರೆಗೆ ಒಯ್ದಿದೆ. 2008ರಲ್ಲಿ ಚಂದ್ರಯಾನ-1ರಿಂದ ಚಂದ್ರನ ಮೇಲೆ ಇಳಿಬಿಟ್ಟ ಪೆಟ್ಟಿಗೆಯಲ್ಲಿದ್ದ ಚೇಸ್ ಉಪಕರಣ, ಬೆಂಗಳೂರಿನಿಂದ ನಿಯಂತ್ರಿಸಿದ ಮಂಗಳಯಾನದಲ್ಲಿದ್ದ ಮೆಂಕಾ ಉಪಕರಣ ಎರಡೂ ಕ್ವಾಡ್ರುಪೋಲ್ ಮಾದರಿಯವೇ.

1957ರ ಸಹಿ

ಪೌಲ್ ಬದುಕಿನ ಒಂದು ಘಟನೆಯನ್ನು ಅವರ ಯಂತ್ರಗಳ ಕಥೆ ಹೇಳುವವರು ಕೆಲವೊಮ್ಮೆ ಬಿಟ್ಟುಬಿಡುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಆಡೆನೌವರ್ ತಮ್ಮ ಹೊಸ ಸೇನೆಗೆ ಸಣ್ಣ ಗಾತ್ರದ ಅಣ್ವಸ್ತ್ರ ಬೇಕು ಎಂಬ ನಿಲುವು ತಳೆದಿದ್ದರು. ಅವು ಫಿರಂಗಿಯ ಸುಧಾರಿತ ರೂಪವಷ್ಟೇ ಎಂಬಂತೆ ಅವರು ಮಾತಾಡಿದ್ದು ವಿಜ್ಞಾನಿಗಳನ್ನು ಕೆರಳಿಸಿತು. ಅದೇ ವರ್ಷ ಏಪ್ರಿಲ್ 12ರಂದು 18 ವಿಜ್ಞಾನಿಗಳು ಒಂದು ಬಹಿರಂಗ ಹೇಳಿಕೆ ಹೊರಡಿಸಿದರು. ಸಣ್ಣ ಅಣ್ವಸ್ತ್ರ ಎನ್ನುವುದೂ ಹಿರೋಶಿಮಾದ ಬಾಂಬಿನಷ್ಟೇ ವಿನಾಶ ತರಬಲ್ಲದು, ಅಣ್ವಸ್ತ್ರ ತಯಾರಿಸುವ, ಪರೀಕ್ಷಿಸುವ, ಬಳಸುವ ಯಾವ ಕೆಲಸಕ್ಕೂ ತಾವು ಕೈಜೋಡಿಸುವುದಿಲ್ಲ ಎಂಬುದು ಅದರ ಸಾರ. ಶಾಂತಿಯುತ ಬಳಕೆಗೆ ತಮ್ಮ ಬೆಂಬಲವಿದೆ ಎಂದೂ ಅದರಲ್ಲಿತ್ತು.

ಸಹಿ ಹಾಕಿದವರಲ್ಲಿ ಯುರೇನಿಯಂ ಪರಮಾಣು ಒಡೆಯುತ್ತದೆ ಎಂದು ತೋರಿಸಿದ ಒಟ್ಟೊ ಹಾನ್, ಯುದ್ಧಕಾಲದ ಯುರೇನಿಯಂ ಯೋಜನೆಯಲ್ಲಿ ಪ್ರಮುಖರಾಗಿದ್ದ ವೆರ್ನರ್ ಹೈಸನ್‌ಬರ್ಗ್, ಮ್ಯಾಕ್ಸ್ ಬಾರ್ನ್ ಇದ್ದರು. ಪೌಲ್ ಅವರ ಗುರು ಕೊಫರ್‌ಮನ್, ಜೊತೆಗಾರ ವಾಲ್ಷರ್ ಇದ್ದರು. 43ರ ಹರೆಯದ ಪೌಲ್ ಕೂಡ ಇದ್ದರು. ಆಗ ಅವರು ಬಾನ್‌ನಲ್ಲಿ ದೊಡ್ಡ ಯಂತ್ರ ಕಟ್ಟುತ್ತಿದ್ದರು, ಬಾನ್ ಆ ದೇಶದ ರಾಜಧಾನಿಯೂ ಆಗಿತ್ತು. ಅಂದರೆ ತಾವು ವಿರೋಧಿಸಿದ ಸರ್ಕಾರದ ಕಣ್ಣೆದುರೇ ಅವರ ಪ್ರಯೋಗಶಾಲೆ ಇತ್ತು. ಹೇಳಿಕೆ ದೇಶದಾದ್ಯಂತ ದೊಡ್ಡ ಚರ್ಚೆ ಎಬ್ಬಿಸಿತು. ಪಶ್ಚಿಮ ಜರ್ಮನಿ ತನ್ನದೇ ಅಣ್ವಸ್ತ್ರ ಹೊಂದಲಿಲ್ಲ. ಅದಕ್ಕೆ ಹಲವು ರಾಜಕೀಯ ಕಾರಣಗಳಿವೆ, ಈ 18 ಸಹಿಗಳಿಂದಲೇ ಎಲ್ಲ ಆಯಿತು ಎನ್ನಲಾಗದು. ಆದರೂ ಬೇಡ ಎಂದು ಹೇಳಬೇಕಾದ ಹೊತ್ತಿನಲ್ಲಿ ಅವರು ಹೆಸರು ಹಾಕಿ ಹೇಳಿದರು.

ಮರುವರ್ಷ, 1958ರಲ್ಲಿ, ಬಾನ್‌ನ 500 ಎಂಇವಿ ಎಲೆಕ್ಟ್ರಾನ್ ಸಿಂಕ್ರೊಟ್ರಾನ್ ಕೆಲಸ ಶುರುಮಾಡಿತು. ಮುಂದೆ ಪೌಲ್ ಜಿನೀವಾದ ಸರ್ನ್ ಸಂಸ್ಥೆಯಲ್ಲಿ, ಹ್ಯಾಂಬರ್ಗ್‌ನ ಡೇಸಿ ಪ್ರಯೋಗಾಲಯದಲ್ಲಿ ಹೊಣೆ ಹೊತ್ತರು. ಬೇರೆ ಬೇರೆ ದೇಶಗಳ ಸಂಶೋಧಕರನ್ನು ಜರ್ಮನಿಗೆ ಕರೆಸುವ ಹಂಬೋಲ್ಟ್ ಫೌಂಡೇಶನ್‌ಗೆ 1979ರಿಂದ ಹತ್ತು ವರ್ಷ ಅಧ್ಯಕ್ಷರಾಗಿದ್ದರು.

ಒಂದೇ ಒಂದು ಅಯಾನು

ಪಂಜರದ ಪೂರ್ಣ ಶಕ್ತಿ ಹೊರಬಿದ್ದದ್ದು ಲೇಸರ್ ಬಂದ ಮೇಲೆ. ಲೇಸರ್ ಎಂದರೆ ಒಂದೇ ಬಣ್ಣದ, ಬಹಳ ಕರಾರುವಾಕ್ಕಾದ ಬೆಳಕು. ರೇಡಿಯೊದ ಗುಂಡಿ ತಿರುಗಿಸಿ ಸ್ಟೇಶನ್ ಹಿಡಿಯುವ ಹಾಗೆ ಅದರ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಪರಮಾಣು ಯಾವುದಕ್ಕೆ ಸ್ಪಂದಿಸುತ್ತದೆ ಎಂದು ಹುಡುಕಬಹುದು. ಸರಿಯಾದ ಲೇಸರ್ ಬಳಸಿದರೆ ಅಯಾನಿನ ಓಡಾಟವನ್ನೂ ತಗ್ಗಿಸಬಹುದು. ಇದನ್ನು ಲೇಸರ್ ತಂಪಾಗಿಸುವಿಕೆ ಎನ್ನುತ್ತಾರೆ. 1980ರಲ್ಲಿ ಹೈಡಲ್‌ಬರ್ಗ್‌ನ ತಂಡವೊಂದು ಪೌಲ್ ಪಂಜರದಲ್ಲಿ ಒಂದೇ ಒಂದು ಬೇರಿಯಂ ಅಯಾನನ್ನು ಹಿಡಿದು ಅದರ ಬೆಳಕಿನ ಫೋಟೊ ತೆಗೆಯಿತು. ಓಡುವ ಪರಮಾಣುವಿನಿಂದ ಗೆರೆ ಮಸುಕಾಗುತ್ತದೆ ಎಂದು ಪೌಲ್ ಯುವಕರಾಗಿದ್ದಾಗ ಪೇಚಾಡಿದ್ದರಲ್ಲ, ಆ ತೊಡಕು ಇಲ್ಲಿ ಬಹುಮಟ್ಟಿಗೆ ಬಗೆಹರಿಯಿತು.

ಆ ತಂಡದಲ್ಲಿದ್ದ ಹಾನ್ಸ್ ಡೇಮೆಲ್ಟ್ ಅವರಿಗೂ ಪೌಲ್ ಅವರಿಗೂ 1989ರ ನೊಬೆಲ್ ಬಹುಮಾನದ ಅರ್ಧ ಭಾಗ ಹಂಚಿಕೆಯಾಯಿತು. ಉಳಿದ ಅರ್ಧ ಪರಮಾಣು ಗಡಿಯಾರಗಳಿಗೆ ಅಡಿಪಾಯ ಹಾಕಿದ ಅಮೆರಿಕದ ನಾರ್ಮನ್ ರ‍್ಯಾಮ್ಸಿಗೆ ಹೋಯಿತು. ಪಂಜರ ಮತ್ತು ಗಡಿಯಾರ ಒಂದೇ ವೇದಿಕೆ ಹಂಚಿಕೊಂಡವು. ಪೌಲ್‌ಗೆ ಆಗ 76 ವರ್ಷ. ಅದೇ ವರ್ಷ, ಇಬ್ಬರು ಮಕ್ಕಳಾದ ಲೊರೆನ್ಸ್ ಮತ್ತು ಸ್ಟೆಫಾನ್ ಸೇರಿದ್ದ ತಂಡದೊಂದಿಗೆ ಅವರ ಇನ್ನೊಂದು ಅಳತೆ ಪ್ರಕಟವಾಗಿತ್ತು. ವಿದ್ಯುದಾವೇಶವೇ ಇಲ್ಲದ ನ್ಯೂಟ್ರಾನುಗಳನ್ನು ಕಾಂತಕ್ಷೇತ್ರದ ಬಳೆಯೊಳಗೆ ಸುತ್ತಿಸಿ, ಅವುಗಳ ಸರಾಸರಿ ಆಯುಷ್ಯ ಸುಮಾರು 877 ಸೆಕೆಂಡು ಎಂದು ಅವರು ಕಂಡುಕೊಂಡಿದ್ದರು. ನಾಲ್ಕು ವರ್ಷಗಳ ನಂತರ, 1993ರ ಡಿಸೆಂಬರ್ 7ರಂದು, ಪೌಲ್ ಬಾನ್‌ನಲ್ಲಿ ತೀರಿಕೊಂಡರು.

ಗಡಿಯಾರಕ್ಕೆ ಅಯಾನು ಯಾಕೆ?

ಗೋಡೆ ಗಡಿಯಾರದಲ್ಲಿ ಲೋಲಕ ತೂಗುತ್ತದೆ, ನಾವು ತೂಗುವಿಕೆಯನ್ನು ಎಣಿಸುತ್ತೇವೆ. ಪರಮಾಣು ಗಡಿಯಾರದಲ್ಲಿ ಪರಮಾಣುವಿಗೆ ಹೊಂದುವ ಅಲೆಗಳ ಏರಿಳಿತವನ್ನು ಎಣಿಸುತ್ತೇವೆ. 1967ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿನ 9,192,631,770 ಮಿಡಿತ. ನಿಮ್ಮ ಮೊಬೈಲಿನ ಮ್ಯಾಪ್ ದಾರಿ ತೋರಿಸುವುದು ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳಿಂದ. ಬೆಳಕು ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗದಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ ಗಡಿಯಾರ ಅಷ್ಟು ತಪ್ಪಿದರೂ ದಾರಿ ಅಷ್ಟು ತಪ್ಪುತ್ತದೆ. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತಂದಿದ್ದ ರುಬಿಡಿಯಂ ಗಡಿಯಾರಗಳು ಕೆಟ್ಟಾಗ, ಅದರ ಜಾಗಕ್ಕೆ ಬೇರೆ ಉಪಗ್ರಹವನ್ನೇ ಕಳಿಸಬೇಕಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ.

ಪೌಲ್ ಪಂಜರದಲ್ಲಿ ಹಿಡಿದ ಒಂಟಿ ಅಯಾನುಗಳ ಗಡಿಯಾರ ಇವೆಲ್ಲಕ್ಕಿಂತ ಬಹಳ ನಿಖರ. ಇಂದಿನ ಅತ್ಯುತ್ತಮ ಅಯಾನು ಗಡಿಯಾರವನ್ನು ವಿಶ್ವ ಹುಟ್ಟಿದಾಗಲೇ ಶುರುಮಾಡಿದ್ದರೆ, 1,380 ಕೋಟಿ ವರ್ಷ ಕಳೆದ ಈ ಹೊತ್ತಿಗೂ ಅದು ಒಂದು ಸೆಕೆಂಡ್ ತಪ್ಪುತ್ತಿರಲಿಲ್ಲ.

ಹಾಗಿದ್ದರೆ ಇನ್ನೂ ಒಳ್ಳೆಯದು ಬೇಕೇ? ಇಲ್ಲೊಂದು ಮಿತಿಯಿದೆ. ಈ ಗಡಿಯಾರಗಳಲ್ಲಿ ಮಿಡಿಯುವುದು ಪರಮಾಣುವಿನ ಹೊರಭಾಗದ ಎಲೆಕ್ಟ್ರಾನುಗಳು. ಹತ್ತಿರದ ವಿದ್ಯುತ್, ಕಾಂತಕ್ಷೇತ್ರ, ಕೊಠಡಿಯ ಬಿಸಿ ಅವನ್ನು ಅಲುಗಿಸುತ್ತವೆ. ನ್ಯೂಕ್ಲಿಯಸ್ ಪರಮಾಣುವಿಗಿಂತ ಹತ್ತಾರು ಸಾವಿರ ಪಟ್ಟು ಚಿಕ್ಕದು, ಎಲೆಕ್ಟ್ರಾನುಗಳ ಮರೆಯಲ್ಲಿ ಕುಳಿತಿದೆ, ಹೊರಗಿನ ಗದ್ದಲ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಅದರ ಮಿಡಿತವನ್ನೇ ಎಣಿಸಿದರೆ ಹೇಗೆ? ತೊಂದರೆ ಏನೆಂದರೆ, ಹೆಚ್ಚಿನ ನ್ಯೂಕ್ಲಿಯಸ್‌ಗಳನ್ನು ಮಿಡಿಸಲು ಬೇಕಾದ ಶಕ್ತಿ ಯಾವ ಸಾಮಾನ್ಯ ಲೇಸರ್‌ಗೂ ನಿಲುಕದಷ್ಟು ಹೆಚ್ಚು. ಇದಕ್ಕೆ ಗೊತ್ತಿರುವ ಅಪರೂಪದ ಅಪವಾದ ಥೋರಿಯಂ-229.

ಥೋರಿಯಂ ಬೇಟೆ

ಈ ನ್ಯೂಕ್ಲಿಯಸ್‌ಗೆ ಬಹಳ ಕಡಿಮೆ ಶಕ್ತಿಯ ಒಂದು ಮೇಲಿನ ಮೆಟ್ಟಿಲು ಇದೆ ಎಂಬ ಸುಳಿವು 1970ರ ದಶಕದಲ್ಲೇ ಸಿಕ್ಕಿತ್ತು. ಆದರೆ ಅದು ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯಲು ದಶಕಗಳೇ ಹಿಡಿದವು. 1990ರ ದಶಕದ ಅಂದಾಜು 3.5 ಎಲೆಕ್ಟ್ರಾನ್ ವೋಲ್ಟ್. ನಿಜವಾದ ಬೆಲೆ 8.4ರ ಹತ್ತಿರ. ಅಂದರೆ ಬಹುಕಾಲ ಹುಡುಕಾಟ ನಡೆದದ್ದು ತಪ್ಪು ಜಾಗದಲ್ಲಿ. 2003ರಲ್ಲಿ ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ ಪಿಟಿಬಿಯ ಎಕ್‌ಹಾರ್ಡ್ ಪೈಕ್ ಮತ್ತು ಕ್ರಿಸ್ಟಿಯನ್ ಟಾಮ್, ಪಂಜರದಲ್ಲಿ ಹಿಡಿದ ಥೋರಿಯಂ ಅಯಾನಿನಿಂದ ಗಡಿಯಾರ ಕಟ್ಟಬಹುದು ಎಂಬ ಯೋಜನೆ ಮುಂದಿಟ್ಟರು.

2016ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದ ತಂಡ ಆ ಮೆಟ್ಟಿಲು ನಿಜಕ್ಕೂ ಇದೆ ಎಂದು ಮೊದಲ ಬಾರಿ ನೇರವಾಗಿ ತೋರಿಸಿತು. ಪೌಲ್ ಅವರ ತಂದೆ ಪಾಠ ಮಾಡಿದ ವಿಶ್ವವಿದ್ಯಾಲಯ ಅದು. ಪ್ರಯೋಗ ಹೀಗಿತ್ತು: ಯುರೇನಿಯಂ-233 ತಾನಾಗಿ ಕ್ಷಯಿಸುವಾಗ ಥೋರಿಯಂ-229 ಸಿಡಿದು ಹೊರಬರುತ್ತದೆ. ಅದರಲ್ಲಿ ಸುಮಾರು 2 ಶೇಕಡಾ ಆ ಮೇಲಿನ ಮೆಟ್ಟಿಲಿನಲ್ಲೇ ಇರುತ್ತದೆ. ಆ ಅಯಾನುಗಳನ್ನು ಹೀಲಿಯಂ ಅನಿಲದಲ್ಲಿ ನಿಧಾನಗೊಳಿಸಿ, ಬೇರೆ ಕಸದಿಂದ ಥೋರಿಯಂ ಅನ್ನು ಆರಿಸಬೇಕು. ಆರಿಸಿದ್ದು ಯಾವುದರಿಂದ? ನಾಲ್ಕು ಸರಳುಗಳ ಅದೇ ಕ್ವಾಡ್ರುಪೋಲ್ ಜರಡಿಯಿಂದ.

2018ರಲ್ಲಿ ಪಿಟಿಬಿ ಮತ್ತು ಮ್ಯೂನಿಕ್ ತಂಡಗಳು ಪಂಜರದಲ್ಲಿದ್ದ ಥೋರಿಯಂ ಅಯಾನುಗಳ ಮೇಲೆ ಲೇಸರ್ ಹಾಯಿಸಿ ಬಣ್ಣದ ಗೆರೆಗಳ ಒಡಕನ್ನು ಅಳೆದವು. ಮೇಲಿನ ಮೆಟ್ಟಿಲಿನಲ್ಲಿರುವ ನ್ಯೂಕ್ಲಿಯಸ್ಸಿನ ಕಾಂತಶಕ್ತಿ ಎಷ್ಟು, ಆಕಾರ ಹೇಗೆ ಎಂಬುದು ಅದರಿಂದ ತಿಳಿಯಿತು. ಎಂಬತ್ತು ವರ್ಷಗಳ ಹಿಂದೆ ಕೀಲ್ ನಗರದಲ್ಲಿ ಪೌಲ್ ಬೆರಿಲಿಯಂ ಮೇಲೆ ಮಾಡಿದ್ದು ಇದೇ ವಿದ್ಯೆ. ಆಗ ಲೇಸರ್ ಇರಲಿಲ್ಲ, ಪಂಜರವೂ ಇರಲಿಲ್ಲ.

2024ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ತಂಡ, ಮೂರು ಎಲೆಕ್ಟ್ರಾನು ಕಳಚಿದ ಥೋರಿಯಂ ಅಯಾನುಗಳನ್ನು ಪಂಜರದಲ್ಲಿ ಹಿಡಿದು ಲೇಸರ್‌ನಿಂದ ಪರೀಕ್ಷಿಸಿ, ಮೇಲಿನ ಮೆಟ್ಟಿಲಿನ ಅರ್ಧಾಯುಷ್ಯ ಸುಮಾರು 1,400 ಸೆಕೆಂಡು ಎಂದು ವರದಿ ಮಾಡಿತು. ಇಷ್ಟು ಹೊತ್ತು ಉಳಿಯುವ ಸ್ಥಿತಿ ಗಡಿಯಾರಕ್ಕೆ ಬಹಳ ಅನುಕೂಲ. ಅದೇ ವರ್ಷ ಪಿಟಿಬಿ ಮತ್ತು ವಿಯೆನ್ನಾದ ತಂಡಗಳು ಇನ್ನೊಂದು ದಾರಿ ಹಿಡಿದು, ಹರಳಿನೊಳಗೆ ಹುದುಗಿಸಿದ ಥೋರಿಯಂ ನ್ಯೂಕ್ಲಿಯಸ್‌ಗಳನ್ನು ಲೇಸರ್‌ನಿಂದಲೇ ಮೇಲಿನ ಮೆಟ್ಟಿಲಿಗೆ ಏರಿಸಿದವು. ಅದಕ್ಕೆ ಬೇಕಾದದ್ದು ಸುಮಾರು 148 ನ್ಯಾನೊಮೀಟರಿನ ನೇರಳಾತೀತ ಬೆಳಕು. ಅಮೆರಿಕದ ಜಿಲಾ ಸಂಸ್ಥೆ ಆ ಮಿಡಿತವನ್ನು ಸ್ಟ್ರಾಂಷಿಯಂ ಗಡಿಯಾರದೊಂದಿಗೆ ಹೋಲಿಸಿ ಎಣಿಸಿತು: ಸೆಕೆಂಡಿಗೆ ಸುಮಾರು 2,020 ಲಕ್ಷ ಕೋಟಿ.

ಇಲ್ಲಿ ಪೌಲ್ ಅವರ 1957ರ ಸಹಿಯನ್ನು ನೆನೆಯಬೇಕು. ಥೋರಿಯಂ-229 ಪ್ರಕೃತಿಯಲ್ಲಿ ಬಳಸುವಷ್ಟು ಸಿಗುವುದಿಲ್ಲ. ಪ್ರಯೋಗಶಾಲೆಗಳಿಗೆ ಅದು ಬರುವುದು ಹೆಚ್ಚಾಗಿ ಯುರೇನಿಯಂ-233ರಿಂದ. ಶೀತಲ ಸಮರದ ಕಾಲದಲ್ಲಿ ರಿಯಾಕ್ಟರ್ ಮತ್ತು ಅಸ್ತ್ರ ಸಂಶೋಧನೆಗಾಗಿ ಆ ಯುರೇನಿಯಂ ಅನ್ನು ತಯಾರಿಸಿದ್ದರು. ಹಳೆಯ ದಾಸ್ತಾನು ಮೆಲ್ಲಗೆ ಕ್ಷಯಿಸುತ್ತಾ, ಅಣ್ವಸ್ತ್ರಕ್ಕೆ ಕೈಜೋಡಿಸುವುದಿಲ್ಲ ಎಂದವರ ಪಂಜರಕ್ಕೆ ಒಂದೊಂದೇ ಅಯಾನು ಒದಗಿಸುತ್ತಿದೆ.

ಫಾರ್ವರ್ಡ್ ಮಾಡುವ ಮುನ್ನ

ನ್ಯೂಕ್ಲಿಯರ್ ಗಡಿಯಾರ ಸಿಡಿಯಬಹುದೇ? ಇಲ್ಲ. ಅದರಲ್ಲಿ ನ್ಯೂಕ್ಲಿಯಸ್ ಒಡೆಯುವುದಿಲ್ಲ, ಒಂದಕ್ಕೊಂದು ಬೆಸೆಯುವುದೂ ಇಲ್ಲ. ಒಂದು ಮೆಟ್ಟಿಲು ಏರಿ ಇಳಿಯುತ್ತದೆ ಅಷ್ಟೇ. ಥೋರಿಯಂ-229ಕ್ಕೆ ವಿಕಿರಣವಿದೆ ನಿಜ, ಆದರೆ ಬೇಕಾಗುವ ಪ್ರಮಾಣ ಅತ್ಯಲ್ಪ.

ನಮ್ಮ ಕರಾವಳಿ ಮರಳಿನ ಥೋರಿಯಂನಿಂದ ನೇರವಾಗಿ ಈ ಗಡಿಯಾರ ಮಾಡಬಹುದೇ? ಆಗದು. ಕೇರಳದ ಮೊನಜೈಟ್ ಮರಳಿನಲ್ಲಿರುವುದು ಥೋರಿಯಂ-232. ಅದನ್ನು ರಿಯಾಕ್ಟರಿನಲ್ಲಿ ಯುರೇನಿಯಂ-233 ಆಗಿ ಬದಲಿಸಿ, ಅದು ಕ್ಷಯಿಸಲು ಕಾಯಬೇಕು. ಕಲ್ಪಾಕ್ಕಂನ ಕಾಮಿನಿ ಎಂಬ ಪುಟ್ಟ ರಿಯಾಕ್ಟರ್ ಯುರೇನಿಯಂ-233ರಿಂದಲೇ ಓಡುವಂಥದ್ದು. ಆದರೆ ಅದು ಇಂಧನದ ಕಥೆ, ಗಡಿಯಾರದ ಕಥೆಯಲ್ಲ.

ಅದು ನಾಳೆಯೇ ನಮ್ಮ ಮೊಬೈಲಿಗೆ ಬರುತ್ತದೆಯೇ? ಇಲ್ಲ. 2024ರಲ್ಲಿ ಸಾಧ್ಯವಾದದ್ದು ನ್ಯೂಕ್ಲಿಯಸ್ಸಿನ ಮಿಡಿತವನ್ನು ಲೇಸರ್‌ನಿಂದ ಹಿಡಿದು ಅಳೆಯುವುದು. ಈಗಿರುವ ಗಡಿಯಾರಗಳನ್ನು ಮೀರಿಸುವ ಕೆಲಸ ಅದರ ಮುಂದಿನದು. ಮೀರಿಸಿದರೆ ಅದರ ಮೊದಲ ಬಳಕೆ ವಿಜ್ಞಾನಕ್ಕೆ. ಎತ್ತರ ಹೆಚ್ಚಿದಂತೆ ಸಮಯ ತುಸು ಬೇಗ ಓಡುತ್ತದೆ ಎಂದು ಐನ್‌ಸ್ಟೈನ್ ತೋರಿಸಿದ್ದರು. ಇಂದಿನ ಅತ್ಯುತ್ತಮ ಗಡಿಯಾರಗಳಿಗೆ ಒಂದು ಸೆಂಟಿಮೀಟರ್ ಏರಿಳಿತವೂ ಗೊತ್ತಾಗುತ್ತದೆ. ಇನ್ನೂ ನಿಖರವಾದದ್ದು ಬಂದರೆ ನೆಲದಡಿಯ ಬದಲಾವಣೆಗಳನ್ನು ಅರಿಯಲು, ಪ್ರಕೃತಿಯ ಮೂಲ ನಿಯಮಗಳು ಕಾಲದೊಂದಿಗೆ ಬದಲಾಗುತ್ತಿವೆಯೇ ಎಂದು ಪರೀಕ್ಷಿಸಲು ಅದು ನೆರವಾಗಬಹುದು.

ಇನ್ನು ಮುಂದೆ ನ್ಯೂಕ್ಲಿಯರ್ ಗಡಿಯಾರದ ಸುದ್ದಿಯ ಜೊತೆ ಯಾರಾದರೂ ಅಣುಬಾಂಬಿನ ಚಿತ್ರ ಕಳಿಸಿದರೆ, ತಿರುಗುವ ಜೀನಿನ ಮೇಲೆ ಬೀಳದೆ ನಿಂತ ಗೋಲಿಯ ಕಥೆಯನ್ನು ಅವರಿಗೆ ಹೇಳಿ. ಪೌಲಿ ಫೋಟೊ ಹಾಕಿ ಪೌಲ್ ಎಂದಿದ್ದರೆ, ಅದನ್ನೂ ತಿದ್ದಿ ಕಳಿಸಿ.